ಕೂಗಳತೆಯ ದೂರದಲ್ಲಿ

ಬೆಟ್ಟ ಹತ್ತಿ ಬಂದವರು ತಮ್ಮ ಕಥೆಯನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳುವುದುಂಟು. ಬೆಟ್ಟದಲ್ಲಿ ದಾರಿ ತಪ್ಪಿ ಬಂದವರು ಸಾಮಾನ್ಯವಾಗಿ ಹೇಳಿಕೊಳ್ಳುವುದಿಲ್ಲ. ಹೇಳಿದರೂ, ತಪ್ಪು ಕಾಡಿನದು, ಮಂಜಿನದು, ಜೊತೆಗಾರನದು, ಇಲ್ಲವೆ ಗುರುತಿನ ಹಲಗೆ ನೆಡದ ಸರ್ಕಾರದ್ದು ಎಂಬ ಧಾಟಿಯಲ್ಲಿ ಹೇಳುತ್ತಾರೆ. ನಾನೂ ಕೆಲವು ವರ್ಷ ಹಾಗೆಯೇ ಹೇಳಿಕೊಂಡು ಬಂದವನು. ಈಚೆಗೆ ನನ್ನ ಮಿತ್ರರೊಬ್ಬರು ಘಟ್ಟದ ಕಾಡುಗಳ ವಿಷಯವಾಗಿ ಬಲವಾಗಿ ವಾದಿಸುತ್ತಿದ್ದರು. ಕಾಲುದಾರಿಗಳ ಉದ್ದಕ್ಕೂ ಮರಗಳ ಮೇಲೆ, ಬಂಡೆಗಳ ಮೇಲೆ ಬಣ್ಣದ ಬಾಣಗಳನ್ನು ಬರೆಯಬೇಕು. ಕವಲು ಕವಲಿಗೂ ಹಲಗೆ ನೆಡಬೇಕು. ಬೆಟ್ಟದ ನೆತ್ತಿಯ ಮೇಲೆ ದೂರವಾಣಿಯ ಗೋಪುರವನ್ನು ಎತ್ತಬೇಕು. ಹಾಗೆ ಮಾಡಿದರೆ ಯಾರೊಬ್ಬರೂ ದಾರಿ ತಪ್ಪುವುದಿಲ್ಲ ಎಂಬುದು ಅವರ ಪಕ್ಷ. ವಾದದ ನಡುವೆ ಅವರು ನನ್ನನ್ನೇ ಸಾಕ್ಷಿಗೆ ಕರೆದರು. "ನೀವೇ ಹೇಳಿ ಮೇಷ್ಟ್ರೇ, ಅಲ್ಲಿ ಒಂದೇ ಒಂದು ಬಾಣದ ಗುರುತು ಇದ್ದಿದ್ದರೆ ನಿಮಗೆ ಆ ರಾತ್ರಿಯ ಪಾಡು ಬರುತ್ತಿತ್ತೆ?" ಎಂದರು. ಆಗ ನಾನು ಏನೂ ಹೇಳಲಿಲ್ಲ. ಹೇಳಬೇಕಾಗಿದ್ದುದನ್ನು ಈಗ ಬರೆಯುತ್ತಿದ್ದೇನೆ. ಸಾಕ್ಷಿಯು ಕರೆದವರ ಮೇಲೆಯೇ ತಿರುಗಿಬಿದ್ದರೆ ಅವರು ಕ್ಷಮಿಸಬೇಕು.

ಸ್ಥಳ ಕುಮಾರಪರ್ವತ. ಕುಕ್ಕೆ ಸುಬ್ರಹ್ಮಣ್ಯದ ಬೆನ್ನಿಗೆ ನಿಂತಿರುವ ಈ ಬೆಟ್ಟದ ಎತ್ತರ ಸಮುದ್ರಮಟ್ಟದಿಂದ ೧೭೧೨ ಮೀಟರು. ಪುಷ್ಪಗಿರಿ ಎಂಬುದು ಅದರ ಇನ್ನೊಂದು ಹೆಸರು. ಅದರ ಸುತ್ತಣ ನೂರು ಚದರ ಕಿಲೋಮೀಟರಿಗೆ ತುಸು ಮಿಕ್ಕ ಕಾಡು ೧೯೮೭ರಿಂದ ಪುಷ್ಪಗಿರಿ ವನ್ಯಧಾಮವಾಗಿದೆ. ೨೦೧೨ರಲ್ಲಿ ಯುನೆಸ್ಕೊ ಸಂಸ್ಥೆಯು ಪಶ್ಚಿಮ ಘಟ್ಟದ ೩೯ ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಇದೂ ಅವುಗಳಲ್ಲೊಂದಾಯಿತು. ಇಲ್ಲಿ ಹುಟ್ಟುವ ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿಕೊಂಡು ಕಡಲಿಗೆ ಹೋಗುತ್ತಾಳೆ. ಸುಬ್ರಹ್ಮಣ್ಯದಿಂದ ಹೊರಟವನು ಮೊದಲು ದಟ್ಟವಾದ ಕಾಡಿನ ಏರನ್ನು ಹತ್ತಿ ಗಿರಿಗದ್ದೆಗೆ ಬರುತ್ತಾನೆ. ಅಲ್ಲಿಂದ ಮುಂದೆ ಬಿಸಿಲಿಗೆ ಬಿಚ್ಚಿಕೊಂಡ ಹುಲ್ಲುಗಾವಲು, ಆಮೇಲೆ ಕಲ್ಲುಮಂಟಪ, ಅದನ್ನು ದಾಟಿದರೆ ಶೇಷಪರ್ವತದ ನೆತ್ತಿ. ಶೇಷಪರ್ವತಕ್ಕೂ ಕುಮಾರಪರ್ವತಕ್ಕೂ ನಡುವಣ ತಗ್ಗಿನಲ್ಲಿ ಶೋಲಾ ಕಾಡಿನ ಒಂದು ತುಂಡು ಉಂಟು. ಅದು ದೊಡ್ಡದೇನೂ ಅಲ್ಲ. ದಾರಿ ಬಲ್ಲವನಿಗೆ ಅದು ದಾರಿಯ ಒಂದು ನೆರಳು, ಅಷ್ಟೆ. ನಾನು ದಾರಿ ತಪ್ಪಿದ್ದು ಆ ನೆರಳಿನಲ್ಲಿ.

ಕೆಲವು ವರ್ಷಗಳ ಹಿಂದಿನ ಡಿಸೆಂಬರ್ ತಿಂಗಳು. ನಾವು ನಾಲ್ವರು ಹೊರಟಿದ್ದೆವು. ನಾಲ್ವರಲ್ಲಿ ನಾನೇ ಹಿರಿಯ. ಗಿರಿಗದ್ದೆಯಲ್ಲಿ ನಮ್ಮ ಹೆಸರು ಬರೆದುಕೊಂಡ ಕಾವಲುಗಾರ, ಕತ್ತಲಾಗುವ ಮೊದಲು ಇಳಿದು ಬಂದು ಮುಖ ತೋರಿಸಿ ಹೋಗಬೇಕೆಂದು ಹೇಳಿ ಕಳುಹಿಸಿದ. ಏರು ದಾರಿಯಲ್ಲಿ ಜೊತೆಗಾರರಲ್ಲಿ ಚಿಕ್ಕವನೊಬ್ಬ, "ಮೇಷ್ಟ್ರೇ, ನೀವು ನಡುವೆ ಬನ್ನಿ, ಹಿಂದೆ ಉಳಿಯಬೇಡಿ" ಎಂದ. ಅದರಲ್ಲಿ ಗೌರವವೇ ಇತ್ತು. ಆದರೆ ನನ್ನ ಕಿವಿಗೆ ಅದು ವಯಸ್ಸಿನ ಲೆಕ್ಕದಂತೆ ಕೇಳಿಸಿತು. "ನೀನು ಹುಟ್ಟುವ ಮೊದಲೇ ಈ ಬೆಟ್ಟವನ್ನು ಎರಡು ಸಲ ಹತ್ತಿ ಇಳಿದಿದ್ದೇನಪ್ಪ" ಎಂದು ನಾನು ಉತ್ತರ ಕೊಟ್ಟೆ. ಈ ಮಾತು ನಿಜ. ನಿಜವಾದ ಮಾತೂ ಮನುಷ್ಯನನ್ನು ಕೆಡಿಸಬಲ್ಲದೆಂಬುದು ಸಂಜೆಯ ಹೊತ್ತಿಗೆ ತಿಳಿಯಿತು.

ನೆತ್ತಿಯಿಂದ ಮರಳುವಾಗ ಮಧ್ಯಾಹ್ನ ತಿರುಗಿತ್ತು. ಕೆಳಗಣ ಕೊಳ್ಳದಿಂದ ಮಂಜು ಏಳುತ್ತಿತ್ತು. ಶೋಲಾ ಕಾಡಿಗೆ ಇಳಿದೆವು. ಅಲ್ಲೊಂದು ಕಾಜಾಣ, ಒಂದಾದಮೇಲೊಂದು ಬೇರೆ ಬೇರೆ ಹಕ್ಕಿಗಳ ದನಿ ಮಾಡುತ್ತ ಕುಳಿತಿತ್ತು. ನಾನು ನಿಂತೆ. ಮೂವರೂ ಮುಂದೆ ಹೋದರು. ಅವರ ನಗು, ಮಾತು ನನಗೆ ಚೆನ್ನಾಗಿ ಕೇಳುತ್ತಿದ್ದುದರಿಂದ ಹಿಂದೆ ಉಳಿದೆನೆಂಬ ಭಾವನೆಯೇ ನನಗೆ ಬರಲಿಲ್ಲ. ಐದು ನಿಮಿಷವಾದ ಮೇಲೆ ಹೊರಟೆ. ದಾರಿ ಎರಡಾಯಿತು. ಒಂದು ಕಿರಿದಾಗಿ, ಬೇರುಗಳ ನಡುವೆ ಏರುತ್ತಿತ್ತು. ಇನ್ನೊಂದು ಅಗಲವಾಗಿ, ಚೆನ್ನಾಗಿ ಸವೆದು, ಸಮನಾಗಿ ಹೋಗುತ್ತಿತ್ತು. ಅಗಲವಾದದ್ದನ್ನು ಹಿಡಿದೆ. ಅದು ಕಾಟಿಗಳ ದಾರಿ. ಒದ್ದೆ ಮಣ್ಣಿನಲ್ಲಿ ಗೊರಸಿನ ಗುರುತು ಅಚ್ಚೊತ್ತಿದಂತಿತ್ತು. ಒಂದೆಡೆ ಸಗಣಿಯೂ ಬಿದ್ದಿತ್ತು. ಅವೆರಡನ್ನೂ ಕಂಡೆ. ಕಂಡೂ, ಮನುಷ್ಯರ ದಾರಿಯಲ್ಲಿ ಕಾಟಿಯೂ ನಡೆಯಬಾರದೇಕೆ ಎಂದುಕೊಂಡು ಮುಂದೆ ಹೋದೆ.

ಇನ್ನು ಹೇಳುವ ಮಾತನ್ನು ವಾಚಕರು ಗಮನಿಸಬೇಕು. ಏಕೆಂದರೆ ನನ್ನ ಸಾಕ್ಷ್ಯವೆಲ್ಲ ಇದರ ಮೇಲೆ ನಿಂತಿದೆ. ದಾರಿ ತಪ್ಪಿತೆಂಬ ಅನುಮಾನ ನನಗೆ ಮೊದಲು ಬಂದಾಗ ಜೊತೆಗಾರರ ಮಾತಿನ ಸದ್ದು ಇನ್ನೂ ಕೇಳುತ್ತಿತ್ತು. ಅದು ಬರಬೇಕಾದ ಕಡೆಯಿಂದ ಬರುತ್ತಿರಲಿಲ್ಲ. ಬಲಗಡೆ, ಮೇಲೆ, ಮರೆಯಲ್ಲೆಲ್ಲೋ ಕೇಳುತ್ತಿತ್ತು. ಒಂದು ಸಲ ಕೂಗಿದ್ದರೆ ಸಾಕಾಗಿತ್ತು. ನಾನು ಕೂಗಲಿಲ್ಲ. ಬೆಳಿಗ್ಗೆ ಆಡಿದ ಮಾತು ಬಾಯಿಗೆ ಅಡ್ಡ ನಿಂತಿತು. ಎರಡು ಸಲ ಹತ್ತಿ ಇಳಿದವನು, ಅರ್ಧ ಗಂಟೆಯ ಕಾಡಿನಲ್ಲಿ, "ಎಲ್ಲಿದ್ದೀರಯ್ಯಾ?" ಎಂದು ಹುಡುಗರನ್ನು ಕೂಗುವುದೆ? ಇನ್ನು ಹತ್ತು ಹೆಜ್ಜೆ ಹೋದರೆ ದಾರಿ ತಾನೇ ಕೂಡಿಕೊಳ್ಳುತ್ತದೆ ಎಂದುಕೊಂಡೆ. ಹತ್ತು ಹೆಜ್ಜೆ ಐವತ್ತಾಯಿತು, ಐವತ್ತು ಇನ್ನೂರಾಯಿತು. ಸದ್ದು ನಿಂತಿತು. ಆಮೇಲೆ ಕೂಗಿದೆ, ಗಂಟಲು ಹರಿಯುವಂತೆ ಕೂಗಿದೆ. ಮಂಜು ಆ ಕೂಗನ್ನು ಹತ್ತಿಯಂತೆ ಹೀರಿಕೊಂಡಿತು.

ಜೇಬಿನಲ್ಲಿ ಮೊಬೈಲ್ ಇತ್ತು. ತೆಗೆದು ನೋಡಿದೆ. ಅದರ ಭೂಪಟದಲ್ಲಿ ಹಸುರು ಬಣ್ಣ, ಹಸುರಿನ ನಡುವೆ ಒಂದು ನೀಲಿ ಚುಕ್ಕೆ. ಆ ಚುಕ್ಕೆಯೇ ನಾನು. ನಾನೆಲ್ಲಿರುವೆನೆಂಬುದನ್ನು ಅದು ಬಹುಮಟ್ಟಿಗೆ ಸರಿಯಾಗಿಯೇ ಹೇಳುತ್ತಿತ್ತು. ಆದರೆ ಆ ಹಸುರಿನಲ್ಲಿ ದಾರಿಯೆಂಬುದು ಒಂದೂ ಇರಲಿಲ್ಲ. ಮಾತನಾಡಿಸೋಣವೆಂದರೆ ಸಂಕೇತ ಸಿಕ್ಕದು. ಬೆಳಗಿನಿಂದ ಚಿತ್ರ ತೆಗೆದು ತೆಗೆದು ಅದರ ಜೀವವೂ ಮುಗಿಯುತ್ತ ಬಂದಿತ್ತು. ಸಂಜೆಯೊಳಗೆ ನನ್ನ ಚುಕ್ಕೆಯೂ ಆರಿಹೋಯಿತು.

ನಮ್ಮ ಭಾಷೆಯಲ್ಲಿ ದಾರಿ ತಪ್ಪುವುದೆಂದರೆ ಎರಡು ಅರ್ಥ. ಕಾಡಿನಲ್ಲಿ ತಪ್ಪುವುದು ಒಂದು, ನಡತೆಯಲ್ಲಿ ತಪ್ಪುವುದು ಇನ್ನೊಂದು. ಎರಡಕ್ಕೂ ಒಂದೇ ಮಾತನ್ನಿಟ್ಟ ಹಿರಿಯರು ದಡ್ಡರಲ್ಲ. ಎರಡರಲ್ಲಿಯೂ ಮೊದಲ ಹೆಜ್ಜೆ ಸುಲಭವಾಗಿರುತ್ತದೆ, ಅಗಲವಾದ ದಾರಿಯ ಮೇಲೆಯೇ ಬೀಳುತ್ತದೆ. ಎರಡರಲ್ಲಿಯೂ ತಪ್ಪಿದವನು ಅದನ್ನು ಒಪ್ಪಿಕೊಳ್ಳುವುದಕ್ಕೆ ನಾಚಿಕೊಂಡು ಇನ್ನಷ್ಟು ದೂರ ನಡೆಯುತ್ತಾನೆ. ಮಲೆನಾಡಿನ ಹಳಬರು ಇನ್ನೊಂದು ಮಾತು ಹೇಳುವುದನ್ನು ನಾನು ಬಾಲ್ಯದಲ್ಲಿ ಕೇಳಿದ್ದೇನೆ: ಕಾಡಿನಲ್ಲಿ ಒಂದು ಬಳ್ಳಿಯುಂಟಂತೆ, ತಿಳಿಯದೆ ಅದನ್ನು ದಾಟಿದವನಿಗೆ ದಿಕ್ಕು ಮರೆತುಹೋಗುತ್ತದಂತೆ, ಎಷ್ಟು ನಡೆದರೂ ಸುತ್ತಿ ಸುತ್ತಿ ಅದೇ ಜಾಗಕ್ಕೆ ಬಂದು ನಿಲ್ಲುತ್ತಾನಂತೆ. ನಾನೂ ಅಂದು ಒಂದು ಬಿದ್ದ ಮರದ ಬಳಿಗೆ ಮೂರು ಸಲ ಬಂದೆ. ಮೂರನೆಯ ಸಲ ಅದರ ಮೇಲೆ ಕುಳಿತು ಬಳ್ಳಿಯ ಮಾತನ್ನು ನೆನೆದೆ.

ಬಳ್ಳಿಯ ವಿಷಯ ನನಗೆ ತಿಳಿಯದು. ಸುತ್ತುವ ವಿಷಯ ಮಾತ್ರ ಸುಳ್ಳಲ್ಲ. ಜರ್ಮನಿಯ ಟ್ಯೂಬಿಂಗನ್ ನಗರದ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯೊಂದರ ವಿಜ್ಞಾನಿಗಳು ಇದನ್ನು ಪರೀಕ್ಷೆ ಮಾಡಿ ೨೦೦೯ರಲ್ಲಿ ಪ್ರಕಟಿಸಿದರು. ಕೆಲವರನ್ನು ಜರ್ಮನಿಯ ಒಂದು ಸಮತಟ್ಟಾದ ಕಾಡಿನಲ್ಲಿಯೂ ಕೆಲವರನ್ನು ಟ್ಯುನೀಸಿಯ ದೇಶದ ಸಹಾರಾ ಮರಳುಗಾಡಿನಲ್ಲಿಯೂ ಬಿಟ್ಟು, ನೇರವಾಗಿ ನಡೆಯುತ್ತ ಹೋಗಿರೆಂದು ಹೇಳಿದರು. ಸೂರ್ಯ ಕಾಣುತ್ತಿದ್ದಾಗ ಕಾಡಿನಲ್ಲಿ ನಡೆದವರು ಬಹುಮಟ್ಟಿಗೆ ನೇರವಾಗಿಯೇ ನಡೆದರು. ಮೋಡ ಕವಿದ ದಿನ ನಡೆದವರು ಸುತ್ತು ಹಾಕಿದರು. ತಾವು ನಡೆದ ಜಾಡನ್ನು ತಾವೇ ಅಡ್ಡ ಹಾಯ್ದರೂ ಅವರಿಗೆ ಅದರ ಅರಿವಾಗಲಿಲ್ಲ. ಕಣ್ಣು ಕಟ್ಟಿ ನಡೆಸಿದಾಗಲಂತೂ ಕೆಲವರು ೨೦ ಮೀಟರಿಗೂ ಕಿರಿದಾದ ಬಳಸಿನಲ್ಲಿ ಸುತ್ತಿದರು. ಒಂದು ಕಾಲು ಉದ್ದ, ಒಂದು ಕಾಲು ಗಿಡ್ಡ ಇರುವುದರಿಂದ ಹೀಗಾಗುತ್ತದೆಂಬ ಹಳೆಯ ಊಹೆಯೂ ನಿಲ್ಲಲಿಲ್ಲ. ಏಕೆಂದರೆ ಒಬ್ಬನೇ ಮನುಷ್ಯ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗುತ್ತಿದ್ದ. ನೇರವೆಂದರೆ ಯಾವುದೆಂಬ ನಮ್ಮ ಒಳಗಣ ಅರಿವೇ ಹೊರಗಣ ಆಸರೆಯಿಲ್ಲದೆ ಸ್ವಲ್ಪ ಸ್ವಲ್ಪವಾಗಿ ಸರಿಯುತ್ತ ಹೋಗುತ್ತದೆಯಂತೆ. ನಮ್ಮ ಗಾದೆಯ ಮಾತು, ಕಣ್ಣು ಕಟ್ಟಿ ಕಾಡಿನಲ್ಲಿ ಬಿಟ್ಟಂತೆ ಎಂಬುದು, ಇಷ್ಟನ್ನೂ ನಾಲ್ಕೇ ಪದಗಳಲ್ಲಿ ಹೇಳಿಬಿಟ್ಟಿದೆ. ಮಳೆಕಾಡಿನ ನೆಲಕ್ಕೆ ಆಕಾಶದ ಬೆಳಕಿನಲ್ಲಿ ನೂರಕ್ಕೆ ಒಂದೆರಡು ಪಾಲು ಮಾತ್ರ ಇಳಿಯುತ್ತದೆ. ಅದರ ಮೇಲೆ ಮಂಜು. ಕಣ್ಣು ಕಟ್ಟುವುದಕ್ಕೆ ಬೇರೆ ಬಟ್ಟೆ ಬೇಕೆ?

ಬಿದ್ದ ಮರದ ಮೇಲೆ ಕುಳಿತಿದ್ದಾಗ ನೀರಿನ ಸದ್ದು ಕೇಳಿಸಿತು. ನನಗೆ ಜೀವ ಬಂದಂತಾಯಿತು. ದಾರಿ ತಪ್ಪಿದವನು ನೀರನ್ನು ಹಿಡಿದು ಕೆಳಗೆ ನಡೆಯಬೇಕು, ನೀರು ಊರಿಗೆ ಕೊಂಡೊಯ್ಯುತ್ತದೆ ಎಂದು ಎಲ್ಲೆಲ್ಲಿಯೋ ಓದಿದ್ದೆ. ಇದಕ್ಕೆ ಲೋಕಪ್ರಸಿದ್ಧವಾದ ನಿದರ್ಶನವೂ ಇದೆ. ೧೯೭೧ರ ಡಿಸೆಂಬರ್ ೨೪ರಂದು ಪೆರು ದೇಶದ ಮಳೆಕಾಡಿನ ಮೇಲೆ ಒಂದು ವಿಮಾನ ಮುರಿದುಬಿತ್ತು. ಅದರಲ್ಲಿದ್ದ ೯೨ ಜನರಲ್ಲಿ ಬದುಕಿ ಬಂದವಳು ಯೂಲಿಯಾನೆ ಕೋಯೆಪ್ಕೆ ಎಂಬ ಹದಿನೇಳು ವರ್ಷದ ಹುಡುಗಿ ಒಬ್ಬಳೇ. ತಂದೆತಾಯಿಗಳಿಬ್ಬರೂ ಪ್ರಾಣಿಶಾಸ್ತ್ರಜ್ಞರು, ಕಾಡಿನೊಳಗೆ ಅವರು ಕಟ್ಟಿದ ಅಧ್ಯಯನ ಕೇಂದ್ರದಲ್ಲಿ ಆಕೆ ಕೆಲಕಾಲ ವಾಸಿಸಿದ್ದಳು. ತಂದೆ ಕಲಿಸಿದ ಮಾತನ್ನು ನೆನೆದು ಆಕೆ ಒಂದು ತೊರೆಯನ್ನು ಹಿಡಿದಳು. ತೊರೆಯಿಂದ ಹೊಳೆಗೆ ಬಂದಳು. ಬಿದ್ದ ಹನ್ನೊಂದನೆಯ ದಿನ ಹೊಳೆಯ ದಡದ ಒಂದು ಗುಡಿಸಲಿನಲ್ಲಿ ಕಾಡಿನ ಕೆಲಸಗಾರರ ಕಣ್ಣಿಗೆ ಬಿದ್ದಳು. ಈ ಕಥೆ ನನ್ನ ತಲೆಯಲ್ಲಿತ್ತು. ನಾನೂ ನೀರನ್ನು ಹಿಡಿದು ಇಳಿದೆ.

ಕಲ್ಲು ಜಾರುತ್ತಿತ್ತು. ಬೆತ್ತದ ಮುಳ್ಳು ಅಂಗಿಯನ್ನು ಹಿಡಿದೆಳೆಯುತ್ತಿತ್ತು. ಒದ್ದೆ ತರಗಿನಲ್ಲಿ ಇಂಬಳ ಇನ್ನೂ ಉಳಿದಿದ್ದುವು. ಅರ್ಧ ಗಂಟೆ ಇಳಿದಿರಬಹುದು, ಸದ್ದು ಜೋರಾಯಿತು. ಒಂದು ಬಂಡೆಯನ್ನು ಬಳಸಿ ಇನ್ನೊಂದು ಹೆಜ್ಜೆ ಇಡಬೇಕು, ಅಷ್ಟರಲ್ಲಿ ಮಂಜು ಒಂದು ಗಳಿಗೆ ಸರಿಯಿತು. ಮುಂದೆ ನೆಲವಿರಲಿಲ್ಲ. ನೀರು ಅಲ್ಲಿಂದ ಬೆಳ್ಳಗೆ ಬಗ್ಗಿ ಕೆಳಗೆ ಹೋಗಿ, ಎಲ್ಲಿ ಮುಟ್ಟುತ್ತದೆಂಬುದು ಕಾಣುತ್ತಿರಲಿಲ್ಲ. ನಾನು ಬಂಡೆಯನ್ನು ಅಪ್ಪಿಕೊಂಡು, ಕಾಲು ನಡುಗುತ್ತ, ಹಿಂದುಹಿಂದಕ್ಕೆ ತೆವಳಿ ಬಂದೆ. ಪೆರು ದೇಶದ ಹುಡುಗಿ ನಡೆದದ್ದು ಅಮೆಜಾನಿನ ತಗ್ಗು ಸೀಮೆಯಲ್ಲಿ; ಅಲ್ಲಿನ ನೀರು ನಿಧಾನವಾಗಿ ಬಳಸಿ ಹರಿಯುತ್ತದೆ. ನಮ್ಮ ಘಟ್ಟವಾದರೋ ಪಡುವಣಕ್ಕೆ ಗೋಡೆಯಂತೆ ಕಡಿದು ನಿಂತಿದೆ. ಇಲ್ಲಿ ನೀರು ಹರಿಯುವುದಕ್ಕಿಂತ ಮೊದಲು ಧುಮುಕುತ್ತದೆ. ಜೋಗವನ್ನು ನೋಡಿ ಬಂದ ಕನ್ನಡಿಗನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಂದು ದೇಶದಲ್ಲಿ ಜೀವ ಉಳಿಸಿದ ಬುದ್ಧಿ ಇನ್ನೊಂದು ದೇಶದಲ್ಲಿ ಜೀವ ತೆಗೆಯಬಹುದು. ಪುಸ್ತಕದ ಬುದ್ಧಿಯನ್ನು ನೆಲದವರನ್ನು ಕೇಳದೆ ನಂಬಬಾರದು.

ಆರು ಗಂಟೆ ದಾಟುತ್ತಲೇ ಕತ್ತಲಾಯಿತು. ಉಷ್ಣವಲಯದಲ್ಲಿ ಸೂರ್ಯ ಓರೆಯಾಗಿ ಜಾರದೆ ನೆಟ್ಟಗೆ ಇಳಿಯುವುದರಿಂದ ಮುಚ್ಚಂಜೆಯ ಬೆಳಕು ಬಯಲಿನಲ್ಲಿಯೇ ಅರ್ಧ ಗಂಟೆ ನಿಲ್ಲುವುದಿಲ್ಲ. ಕಾಡಿನಲ್ಲಿ ಅದು ನಿಲ್ಲುವುದೇ ಇಲ್ಲ. ನೀರಿನ ಬಳಿಯಿಂದ ಮೇಲೆ ಹತ್ತಿ, ಬುಡದಲ್ಲಿ ಪೊಟರೆಯಿದ್ದ ಒಂದು ದೊಡ್ಡ ಮರವನ್ನು ಕಂಡು ಅದಕ್ಕೆ ಬೆನ್ನು ಕೊಟ್ಟು ಕುಳಿತೆ. ಅಂದು ನಾನು ಮಾಡಿದ ಮೊದಲ ಸರಿಯಾದ ಕೆಲಸ ಅದೇ. ಅದನ್ನೂ ಬುದ್ಧಿಯಿಂದ ಮಾಡಲಿಲ್ಲ, ಹೆದರಿಕೆಯಿಂದ ಮಾಡಿದೆ.

ಈ ಕುಳಿತುಕೊಳ್ಳುವ ವಿದ್ಯೆಗೂ ಒಂದು ಕಥೆಯುಂಟೆಂದು ಆಮೇಲೆ ತಿಳಿಯಿತು. ೧೯೮೧ರಲ್ಲಿ ಅಮೆರಿಕದ ಸ್ಯಾನ್ ಡಿಯೇಗೊ ಪ್ರದೇಶದ ಬೆಟ್ಟವೊಂದರಲ್ಲಿ ಒಂಬತ್ತು ವರ್ಷದ ಹುಡುಗನೊಬ್ಬ ದಾರಿ ತಪ್ಪಿ ತೀರಿಕೊಂಡ. ಆ ದುಃಖದಿಂದ, ದಾರಿ ತಪ್ಪಿದ ಮಕ್ಕಳು ಏನು ಮಾಡಬೇಕೆಂಬ ಒಂದು ಪಾಠಕ್ರಮ ಅಲ್ಲಿ ಹುಟ್ಟಿತು. ಅದರ ಸಾರ ಒಂದೇ ಮಾತು: ಮರವನ್ನು ಅಪ್ಪಿಕೊ. ಅಂದರೆ, ದಾರಿ ತಪ್ಪಿತೆಂದು ತಿಳಿದ ಕೂಡಲೆ ನಿಲ್ಲು, ಒಂದು ಮರವನ್ನು ಗೆಳೆಯನನ್ನಾಗಿ ಮಾಡಿಕೊಂಡು ಅಲ್ಲಿಯೇ ಇರು, ಹುಡುಕುವವರು ಬರುತ್ತಾರೆ. ಅದಾದ ಎರಡೇ ವರ್ಷಕ್ಕೆ, ೧೯೮೩ರ ಸೆಪ್ಟೆಂಬರಿನಲ್ಲಿ, ನಮ್ಮ ಶಿರಸಿ ಸೀಮೆಯ ಸಾಲ್ಕಣಿಯ ಜನ ಕಾಡಿಗೆ ಹೋಗಿ ಕೊಡಲಿಗೆ ಅಡ್ಡವಾಗಿ ಮರಗಳನ್ನು ಅಪ್ಪಿಕೊಂಡರು. ಆ ಚಳವಳಿಗೆ ಬಂದ ಹೆಸರೂ ಅಪ್ಪಿಕೊ. ಒಂದು ಕಡೆ ಮನುಷ್ಯನ ಜೀವ ಉಳಿಯಲೆಂದು, ಇನ್ನೊಂದು ಕಡೆ ಮರದ ಜೀವ ಉಳಿಯಲೆಂದು. ಇಬ್ಬರೂ ಒಬ್ಬರನ್ನೊಬ್ಬರು ಅರಿಯರು. ಮಾತು ಮಾತ್ರ ಒಂದೇ ಆಯಿತು.

ಆ ರಾತ್ರಿಯನ್ನು ವರ್ಣಿಸಿ ಓದುಗರನ್ನು ಹೆದರಿಸುವ ಇಷ್ಟ ನನಗಿಲ್ಲ. ಹುಲಿ ಬರಲಿಲ್ಲ, ಆನೆ ಬರಲಿಲ್ಲ. ಜೀರುಂಡೆಗಳ ಸದ್ದು ನಿಂತ ಹೊತ್ತಿನಲ್ಲಿ ನೀರಿನ ಸದ್ದು, ನೀರಿನ ಸದ್ದು ಮರೆತ ಹೊತ್ತಿನಲ್ಲಿ ನನ್ನ ಎದೆಯ ಸದ್ದು. ಎಲ್ಲಕ್ಕಿಂತ ಕಷ್ಟವಾದದ್ದು ಚಳಿ. ಉಷ್ಣವಲಯದ ಕಾಡೆಂದು ಒಂದು ತೆಳು ಅಂಗಿಯಲ್ಲಿ ಬಂದಿದ್ದೆ. ಬೆವರಿನಿಂದಲೂ ಮಂಜಿನಿಂದಲೂ ತೊಯ್ದ ಅಂಗಿ ಆ ಎತ್ತರದಲ್ಲಿ ಇರುಳೆಲ್ಲ ಆರಲಿಲ್ಲ. ಒಣ ತರಗನ್ನು ತಡಕಿ ತಡಕಿ ಎದೆಗೆ ತುಂಬಿಕೊಂಡೆ. ಮನೆಯವಳಿಗೆ ಸಂಜೆ ಎಂಟರೊಳಗೆ ಮಾತನಾಡುತ್ತೇನೆಂದು ಹೇಳಿದ್ದೆ. ಎಂಟಾಗಿರಬಹುದು, ಒಂಬತ್ತಾಗಿರಬಹುದು, ಆಕೆ ಬಾಗಿಲಿಗೂ ಒಳಕ್ಕೂ ಓಡಾಡುತ್ತಿರಬಹುದು ಎಂಬುದನ್ನು ಎಣಿಸುತ್ತ ಕುಳಿತೆ. ಇಷ್ಟೆಲ್ಲ ಯೋಚಿಸಿದವನು ಒಂದು ವಿಷಯವನ್ನು ಮಾತ್ರ ಯೋಚಿಸಲಿಲ್ಲ. ಈ ಹೊತ್ತಿನಲ್ಲಿ ಯಾರಾದರೂ ನನಗಾಗಿ ಇದೇ ಕತ್ತಲೆಯಲ್ಲಿ, ಇದೇ ಜಾರುಗಲ್ಲಿನ ಮೇಲೆ ನಡೆಯುತ್ತಿರಬಹುದೆಂದು ನನಗೆ ಹೊಳೆಯಲೇ ಇಲ್ಲ.

ನಡೆಯುತ್ತಿದ್ದರು. ಜೊತೆಗಾರರು ಶೇಷಪರ್ವತದ ಮೇಲೆ ಒಂದು ಗಂಟೆ ಕಾದು, ಕೂಗಿ, ಒಬ್ಬನನ್ನು ಅಲ್ಲಿ ನಿಲ್ಲಿಸಿ, ಇಬ್ಬರು ಗಿರಿಗದ್ದೆಗೆ ಓಡಿದ್ದರು. ಬೆಳಿಗ್ಗೆ ಹೆಸರು ಬರೆದುಕೊಂಡ ಕಾವಲುಗಾರ, ಹಗಲೆಲ್ಲ ದುಡಿದವನು, ಕೈದೀಪ ಹಿಡಿದು, ಇನ್ನೊಬ್ಬನನ್ನು ಕರೆದುಕೊಂಡು, ಆ ರಾತ್ರಿಯಲ್ಲಿ ಮತ್ತೆ ಬೆಟ್ಟ ಹತ್ತಿದ. ಬೆಳಗಿನ ಜಾವ, ಮರದ ತುದಿಗಳು ಬೂದಿಯ ಬಣ್ಣಕ್ಕೆ ಬಂದಾಗ, ಮೇಲಿನಿಂದ ಒಂದು ಕೂಗು ಇಳಿದು ಬಂತು. ಮಾತಲ್ಲ, ಬರಿಯ "ಕೂ..." ಎಂಬ ಉದ್ದವಾದ ದನಿ. ಮಲೆನಾಡಿನಲ್ಲಿ ಬೆಳೆದವರಿಗೆ ಅದು ಗೊತ್ತು. ಗದ್ದೆಯಿಂದ ಗದ್ದೆಗೆ, ಗುಡ್ಡದಿಂದ ಗುಡ್ಡಕ್ಕೆ ಹಾಕುವ ಕೂಗು ಅದು. ನಾನು ಇಲ್ಲಿದ್ದೇನೆ, ನೀನು ಎಲ್ಲಿದ್ದೀ ಎಂಬುದಷ್ಟೇ ಅದರ ಅರ್ಥ. ನಾನೂ ಕೂ ಎಂದೆ. ನನ್ನ ದನಿ ನನಗೇ ಗುರುತು ಸಿಕ್ಕಲಿಲ್ಲ. ಮತ್ತೆ ಮೇಲಿನಿಂದ ಕೂ, ಮತ್ತೆ ನಾನು. ಹೀಗೆ ಹತ್ತು ಹದಿನೈದು ಸಲ ಕೊಟ್ಟು ತೆಗೆದುಕೊಂಡ ಮೇಲೆ ಆತನ ತಲೆ ಕಾಣಿಸಿತು.

ಆತ ಕುಂಟುತ್ತಿದ್ದ. ರಾತ್ರಿ ನೀರಿನ ಬಳಿ ಹುಡುಕುವಾಗ ಜಾರಿ ಮೊಣಕಾಲನ್ನು ಬಂಡೆಗೆ ಹೊಡೆದುಕೊಂಡಿದ್ದ. ಅದು ಊದಿಕೊಂಡು ಚೆಂಡಿನಂತಾಗಿತ್ತು. ನನ್ನ ಹತ್ತಿರ ಬಂದು, ಒಂದು ಗಳಿಗೆ ನೋಡಿ, ಸೀಸೆಯ ನೀರು ಕೊಟ್ಟ. ಆಮೇಲೆ, "ಎಂತ ಮಾರಾಯ್ರೆ, ಆಗಲೇ ಒಂದು ಕೂ ಹಾಕ್ಲಿಕ್ಕೆ ಆಗ್ಲಿಲ್ವಾ ನಿಮ್ಗೆ?" ಎಂದ. ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ನಾನು ಮಂಜು, ಕವಲು, ಗುರುತಿನ ಹಲಗೆ ಇಲ್ಲದ್ದು ಎಂದು ಏನೇನೋ ಹೇಳಿದೆ. ಆತ ಕೇಳಿಕೊಂಡು, "ಅಲ್ಲಿ ಗೊರಸಿನ ಗುರ್ತು ಉಂಟಲ್ಲ" ಎಂದಷ್ಟೇ ಹೇಳಿ ಮುಂದೆ ನಡೆದ. ಹೊರಗೆ ಬಂದು ನೋಡಿದರೆ, ನಾನು ರಾತ್ರಿ ಕಳೆದ ಮರಕ್ಕೂ ಬಿಟ್ಟು ಬಂದ ಕಾಲುದಾರಿಗೂ ನಡುವೆ ಇದ್ದದ್ದು ಅರ್ಧ ಮೈಲಿಯೂ ಅಲ್ಲ.

ಆತ ಹದಿನೈದು ದಿನ ಕೆಲಸಕ್ಕೆ ಹೋಗಲಾಗಲಿಲ್ಲವೆಂದು ಆಮೇಲೆ ಕೇಳಿದೆ. ದಿನದ ಲೆಕ್ಕದಲ್ಲಿ ಕೂಲಿ ಪಡೆಯುವವನಿಗೆ ಹದಿನೈದು ದಿನವೆಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಹಣ ಕಳುಹಿಸಿದೆ. ಆತ ಸಂಕೋಚಪಡದೆ ತೆಗೆದುಕೊಂಡ. ನ್ಯಾಯವಾಗಿ ಅದು ಆತನಿಗೆ ಸಲ್ಲಬೇಕಾದದ್ದೇ. ಆದರೆ ಮೊಣಕಾಲು ಮೊದಲಿನಂತಾಯಿತೋ ಇಲ್ಲವೋ ಎಂದು ಕೇಳುವ ಧೈರ್ಯ ನನಗೆ ಬಹಳ ದಿನ ಬರಲಿಲ್ಲ. ಕೇಳಿದಾಗ, "ಏರುವಾಗ ತೊಂದ್ರೆ ಇಲ್ಲ, ಇಳಿಯುವಾಗ ಸ್ವಲ್ಪ ಹಿಡೀತದೆ" ಎಂದ. ಬೆಟ್ಟದ ಕಾವಲುಗಾರನಿಗೆ ದಿನವೂ ಇಳಿಯುವುದಿರುತ್ತದೆ.

ಈಗ ಮಿತ್ರರ ಪ್ರಶ್ನೆಗೆ ಬರುತ್ತೇನೆ. ಅಲ್ಲಿ ಒಂದು ಬಾಣವಿದ್ದಿದ್ದರೆ ನನಗೆ ಆ ರಾತ್ರಿ ಬರುತ್ತಿತ್ತೆ? ಬಹುಶಃ ಬರುತ್ತಿರಲಿಲ್ಲ, ಆ ಕವಲಿನಲ್ಲಿ ಬರುತ್ತಿರಲಿಲ್ಲ. ಮುಂದಿನ ಕವಲಿನಲ್ಲಿ ಬರುತ್ತಿತ್ತು. ನೆಲದ ಮೇಲೆ ಕಾಟಿಯೇ ಒತ್ತಿಟ್ಟ ಗುರುತನ್ನು ಕಂಡೂ ಓದದವನು ಬಣ್ಣದ ಗುರುತನ್ನು ಎಷ್ಟು ದೂರ ಓದಿಯಾನು? ಮಂಜಿನಲ್ಲಿ ಬಾಣ ಕಾಣದು. ಒಂದೆರಡು ಮಳೆಗಾಲಕ್ಕೆ ಪಾಚಿ ಕಟ್ಟಿ ಅಳಿಸಿಹೋಗುವುದು. ಹಲಗೆಯನ್ನು ಆನೆ ಮುರಿಯುವುದು, ಆನೆಗಿಂತ ಮೊದಲು ನಮ್ಮವರೇ ಮುರಿಯುವರು. ಇವೆಲ್ಲಕ್ಕಿಂತ ಮಿಗಿಲಾಗಿ, ಬಾಣವನ್ನು ನಂಬಿ ನಡೆಯುವವನು ಮರವನ್ನು ನೋಡುವುದಿಲ್ಲ, ಹಿಂತಿರುಗಿ ನೋಡುವುದಿಲ್ಲ, ಜೊತೆಯವನನ್ನು ಎಣಿಸುವುದಿಲ್ಲ. ಗುರುತು ಹೆಚ್ಚಿದಷ್ಟೂ ಗುರುತು ಹಿಡಿಯುವ ಶಕ್ತಿ ಕಡಮೆಯಾಗುತ್ತದೆ. ಪ್ರಾಣಕ್ಕೆ ಅಪಾಯವಿರುವ ಒಂದೆರಡು ಕಡೆ, ಕಡಿದಾದ ಅಂಚಿನಲ್ಲಿ, ಒಂದು ಎಚ್ಚರಿಕೆಯ ಹಲಗೆ ಇರಲಿ. ಅದನ್ನು ಬೇಡವೆನ್ನುವಷ್ಟು ಹಟ ನನಗಿಲ್ಲ. ಆದರೆ ಕಾಡನ್ನೆಲ್ಲ ಪಟ್ಟಣದ ಬೀದಿಯಂತೆ ಓದಿಸಬೇಕೆಂಬುದು ಬೇರೆ ಮಾತು.

ದಾರಿ ಸುಲಭವಾದರೆ ಏನಾಗುತ್ತದೆಂಬುದನ್ನೂ ಇದೇ ಬೆಟ್ಟ ತೋರಿಸಿದೆ. ೨೦೨೪ರ ಜನವರಿಯಲ್ಲಿ, ಗಣರಾಜ್ಯೋತ್ಸವದ ರಜೆಯ ದಿನಗಳಲ್ಲಿ, ಸಾವಿರಾರು ಜನ ಒಮ್ಮೆಗೇ ಕುಮಾರಪರ್ವತಕ್ಕೆ ಬಂದರು. ಬೆಟ್ಟದ ದಾರಿಯಲ್ಲಿ ಜಾತ್ರೆಯಂತೆ ಸಾಲುಗಟ್ಟಿದ ಜನರ ಚಿತ್ರವನ್ನು ನಾಡೆಲ್ಲ ನೋಡಿತು. ಆ ಮೇಲೆ ಸರ್ಕಾರವು ಮುಂಗಡವಾಗಿ ಹೆಸರು ನೋಂದಾಯಿಸುವ ಏರ್ಪಾಡು ಇಲ್ಲದ ಕಡೆಗಳಲ್ಲಿ ಬೆಟ್ಟ ಹತ್ತುವುದನ್ನು ಆಗ ತಡೆದು, ದಿನಕ್ಕೆ ಇಷ್ಟೇ ಜನವೆಂಬ ಕಟ್ಟಳೆಯತ್ತ ನಡೆಯಿತು. ಕೆಲವರು ಇದನ್ನು ಸ್ವಾತಂತ್ರ್ಯದ ಹರಣವೆಂದರು. ನನಗೆ ಹಾಗೆ ತೋರುವುದಿಲ್ಲ. ಆ ಸಾಲಿನಲ್ಲಿ ಒಬ್ಬನು ಕಡಮೆಯಾಗಿದ್ದರೆ ಅದನ್ನು ಎಣಿಸಿ ತಿಳಿಯುವವರು ಯಾರಿದ್ದರು? ನಮ್ಮ ನಾಲ್ವರಲ್ಲಿ ಒಬ್ಬ ಕಡಮೆಯಾದದ್ದು ಗೊತ್ತಾಗುವುದಕ್ಕೇ ಅಷ್ಟು ಹೊತ್ತು ಹಿಡಿಯಿತು.

ಇದಕ್ಕೆ ಪ್ರತಿಯಾಗಿ ಇನ್ನೊಂದು ಪಕ್ಷವೂ ಉಂಟು. ಕಾಡಿನಲ್ಲಿ ಕಳೆದುಹೋಗುವುದೇ ಒಂದು ಸುಖ. ದಾರಿ ತಪ್ಪದೆ ತನ್ನನ್ನು ತಾನು ಕಾಣಲಾರ. ಆದ್ದರಿಂದ ಯಾವ ಕಟ್ಟಳೆಯೂ ಬೇಡ, ಯಾವ ಜೊತೆಯೂ ಬೇಡ ಎನ್ನುವವರು. ಇವರ ಮಾತು ಕೇಳುವುದಕ್ಕೆ ಇಂಪು. ದಾರಿ ತಪ್ಪುವ ಅವಕಾಶವೇ ಇಲ್ಲದ ಕಾಡು ಕಾಡಲ್ಲವೆಂಬಷ್ಟನ್ನು ನಾನೂ ಒಪ್ಪುತ್ತೇನೆ. ಆದರೆ ಈ ಸುಖದ ಬೆಲೆಯನ್ನು ಕೊಡುವವರು ಯಾರು? ಕಳೆದುಹೋದವನು ಮರದ ಬುಡದಲ್ಲಿ ಕುಳಿತು ತನ್ನನ್ನು ತಾನು ಕಾಣುತ್ತಿರುವಾಗ, ಅವನನ್ನು ಕಾಣುವುದಕ್ಕಾಗಿ ಇನ್ನೊಬ್ಬ ಕತ್ತಲೆಯಲ್ಲಿ ಮೊಣಕಾಲು ಒಡೆದುಕೊಳ್ಳುತ್ತಿರುತ್ತಾನೆ. ಮನುಷ್ಯನಿಗೆ ದಾರಿ ತಪ್ಪುವ ಹಕ್ಕು ಇರಬಹುದು. ಅಜಾಗರೂಕತೆಯಿಂದ ದಾರಿ ತಪ್ಪುವ ಹಕ್ಕು ಇಲ್ಲವೆಂಬುದು ನನ್ನ ಬಿನ್ನಹ.

ಹಾಗಾದರೆ ಏನು ಮಾಡಬೇಕು? ನನ್ನ ಸಲಹೆಗಳಲ್ಲಿ ಹೊಸದೇನೂ ಇಲ್ಲ. ಪ್ರತಿಯೊಂದು ತಂಡದ ಜೊತೆಗೂ ಆ ನೆಲದವನೊಬ್ಬನು ದಾರಿ ತೋರಿಸಲು ಹೋಗಲಿ. ಹಲಗೆಗೂ ಗೋಪುರಕ್ಕೂ ಸುರಿಯಬೇಕೆನ್ನುವ ಹಣ ಆ ಕೈಗಳಿಗೆ ಸಲ್ಲಲಿ. ಬಿದ್ದು ಏಟಾದರೆ ಅವರ ಮನೆ ನಡೆಯುವ ಏರ್ಪಾಡು ಇರಲಿ. ಆತನು ಕೂಲಿಯಾಳಲ್ಲ, ಆ ಹೊತ್ತಿಗೆ ನಮ್ಮ ಗುರು ಎಂದು ತಿಳಿದು ನಡೆಯೋಣ. ಇಷ್ಟು ಗಂಟೆಯೆಂದರೆ ನೆತ್ತಿ ಮುಟ್ಟಿದರೂ ಮುಟ್ಟದಿದ್ದರೂ ಹಿಂತಿರುಗುವುದೆಂದು ಹೊರಡುವ ಮೊದಲೇ ಗೊತ್ತು ಮಾಡಿಕೊಳ್ಳೋಣ. ಎಲ್ಲರಿಗಿಂತ ನಿಧಾನವಾಗಿ ನಡೆಯುವವನು ಮುಂದಿರಲಿ, ಅವನ ಹೆಜ್ಜೆಯೇ ಎಲ್ಲರ ಹೆಜ್ಜೆಯಾಗಲಿ. ಕವಲಿನಲ್ಲಿ ಹಿಂದಿನವನು ಕಣ್ಣಿಗೆ ಬೀಳುವವರೆಗೆ ಮುಂದಿನವನು ನಿಲ್ಲಲಿ. ಒಂದು ಕೈದೀಪ, ಒಂದು ಬೆಚ್ಚನೆಯ ಬಟ್ಟೆ, ಕೊರಳಿಗ್ಗೊಂದು ಸೀಟಿ, ಇವಕ್ಕೆ ಭಾರವೇನೂ ಇಲ್ಲ. ದಾರಿ ತಪ್ಪಿತೆಂದು ತೋರಿದರೆ ನಿಲ್ಲಬೇಕು. ನಿಂತು ಕೂಗಬೇಕು.

ಈ ಕೊನೆಯ ಮಾತೇ ಎಲ್ಲಕ್ಕಿಂತ ಕಷ್ಟದ್ದು. ಶಿವರಾಮ ಕಾರಂತರ 'ಬೆಟ್ಟದ ಜೀವ' ಕಾದಂಬರಿ ಪ್ರಕಟವಾದದ್ದು ೧೯೪೩ರಲ್ಲಿ. ಅದು ನಡೆಯುವುದು ಇದೇ ಸುಬ್ರಹ್ಮಣ್ಯದ ಸುತ್ತಣ ಕಾಡಿನಲ್ಲಿ. ಅದು ತೊಡಗುವುದು ಒಬ್ಬ ಪ್ರಯಾಣಿಕ ಸಂಜೆಯ ಹೊತ್ತಿನಲ್ಲಿ ದಾರಿ ತಪ್ಪುವುದರಿಂದ. ಅವನಿಗೆ ಇಬ್ಬರು ಹಳ್ಳಿಗರು ಸಿಕ್ಕುತ್ತಾರೆ. ಅವರು ಅವನನ್ನು ಕಾಡಿನ ನಡುವಣ ಒಂದು ಮನೆಗೆ ಕರೆದೊಯ್ಯುತ್ತಾರೆ. ಕಾದಂಬರಿಯೆಲ್ಲ ಆ ಮನೆಯಿಂದ ಬೆಳೆಯುತ್ತದೆ. ಹಿಂದಿನವರೂ ದಾರಿ ತಪ್ಪುತ್ತಿದ್ದರು, ನಮಗಿಂತ ಹೆಚ್ಚಾಗಿಯೇ ತಪ್ಪುತ್ತಿದ್ದರು. ಆದರೆ ದಾರಿ ಕೇಳುವುದು ಅವರಿಗೆ ಅವಮಾನವಾಗಿರಲಿಲ್ಲ. ಪ್ರಯಾಣವೆಂದರೇನೇ ಕೇಳುತ್ತ ಹೋಗುವುದು ಎಂದಿತ್ತು. ನಾವು ಅಂಗೈಯಲ್ಲಿ ಭೂಪಟವನ್ನು ಹಿಡಿದು, ಬಸ್ಸಿನಿಂದ ಇಳಿದಲ್ಲಿಂದ ಬೆಟ್ಟದ ನೆತ್ತಿಯವರೆಗೆ ಒಬ್ಬರನ್ನೂ ಮಾತನಾಡಿಸದೆ ಹೋಗಿ ಬರಬಲ್ಲೆವು. ಹಾಗೆ ಹೋಗಿ ಬಂದುದನ್ನು ಜಾಣತನವೆಂದು ಹೇಳಿಕೊಳ್ಳುತ್ತೇವೆ. ಕೇಳುವ ರೂಢಿ ತಪ್ಪಿದವನಿಗೆ ಕೂಗುವ ಹೊತ್ತು ಬಂದಾಗ ಗಂಟಲು ಏಳುವುದಿಲ್ಲ.

ಕನ್ನಡದಲ್ಲಿ ಕೂಗಳತೆ ಎಂಬ ಮಾತಿದೆ. ಹರದಾರಿ, ಗಾವುದಗಳಂತೆ ಇದೂ ದೂರದ ಒಂದು ಅಳತೆ. ಒಬ್ಬನ ಕೂಗು ಇನ್ನೊಬ್ಬನ ಕಿವಿಗೆ ಮುಟ್ಟುವಷ್ಟು ದೂರ. ಅಂದು ಆ ಶೋಲಾ ಕಾಡಿನಲ್ಲಿ ನಾನು ಮೊದಲು ಅನುಮಾನಗೊಂಡು ನಿಂತ ಜಾಗ, ಜೊತೆಗಾರರಿಂದ ಒಂದು ಕೂಗಳತೆಯ ಒಳಗಿತ್ತು. ಆ ಅಳತೆಯನ್ನು ದಾಟಿಸಿದ್ದು ಕಾಡಲ್ಲ, ಮಂಜಲ್ಲ, ಬಾಣವಿಲ್ಲದ ಕವಲೂ ಅಲ್ಲ. ಮಿತ್ರರು ಕೇಳಿದ ಸಾಕ್ಷ್ಯ ಇಷ್ಟೇ. ಕಳೆದ ವರ್ಷ ಸುಬ್ರಹ್ಮಣ್ಯಕ್ಕೆ ಹೋಗಿದ್ದಾಗ ಬೆಟ್ಟ ಹತ್ತಲಿಲ್ಲ. ಪೇಟೆಯಲ್ಲಿ ಆ ಕಾವಲುಗಾರ ಸಿಕ್ಕಿದ. ಇಬ್ಬರೂ ಚಹಾ ಕುಡಿದೆವು. ರಸ್ತೆ ದಾಟಿ ತನ್ನ ದಾರಿ ಹಿಡಿದವನು ಸ್ವಲ್ಪ ದೂರ ಹೋಗಿ ತಿರುಗಿ ನಿಂತು, ನಗುತ್ತ, ಮೆಲ್ಲನೆ ಕೂ ಎಂದ. ಬಸ್ಸಿಗೆ ಕಾದು ನಿಂತಿದ್ದ ಜನ ನೋಡುತ್ತಿದ್ದರು. ನಾನೂ ಕೂ ಎಂದೆ.